ಲ್ಯಾಪ್‌ಟಾಪ್‌ಗೆ ಬೀಗ ಹಾಕಿದ್ರಿ, ಎರಡನೇ ಕೀ ಯಾರ ಹತ್ರ ಇದೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ)

ಹೆಡ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತಿರೋರಿಗೂ, ರಾತ್ರಿ ಊಟ ಮುಗಿಸಿ ಪಾತ್ರೆ ತೊಳೀತಾ ಕೇಳ್ತಿರೋರಿಗೂ ಸ್ವಾಗತ. ಕಳೆದ ಸಂಚಿಕೆಯಲ್ಲಿ ಹಳೇ ಕಂಪ್ಯೂಟರ್‌ಗೆ ಲಿನಕ್ಸ್ ಹಾಕೋದು ಹೇಗೆ ಅಂತ ಮಾತಾಡಿದ್ವಿ. ಅದಾದ ಮೇಲೆ ತುಂಬಾ ಜನ ಒಂದೇ ಪ್ರಶ್ನೆ ಕಳಿಸಿದ್ರಿ. ಇನ್‌ಸ್ಟಾಲ್ ಮಾಡುವಾಗ ಡಿಸ್ಕ್ ಎನ್‌ಕ್ರಿಪ್ಟ್ ಮಾಡ್ಲಾ ಅಂತ ಒಂದು ಚೌಕ ಬರುತ್ತೆ, ಅದಕ್ಕೆ ಟಿಕ್ ಹಾಕ್ಬೇಕಾ, ಬೇಡ್ವಾ?

ಹಾಕಿ. ಆದ್ರೆ ಟಿಕ್ ಹಾಕೋದು ಅರ್ಧ ಕೆಲಸ ಅಷ್ಟೆ. ಉಳಿದ ಅರ್ಧ ಮಾಡದೇ ಇದ್ರೆ ಏನಾಗುತ್ತೆ ಅಂತ ನನಗೆ ಚೆನ್ನಾಗಿ ಗೊತ್ತು, ಯಾಕಂದ್ರೆ ಮಾಡದೇ ಬಿಟ್ಟವಳು ನಾನೇ. ಇವತ್ತು ಮೊದಲು ಆ ಕಥೆ, ಆಮೇಲೆ ಕೆಲಸ.

ತಿಪಟೂರಿನ ಆಫೀಸು

ನಮ್ಮ ಸೋದರಮಾವ ತಿಪಟೂರಲ್ಲಿ ಟ್ಯಾಕ್ಸ್ ಕನ್ಸಲ್ಟೆಂಟ್. ಕೊಬ್ಬರಿ ವ್ಯಾಪಾರಿಗಳು, ಎರಡು ಬಟ್ಟೆ ಅಂಗಡಿ, ಒಂದು ಹಾರ್ಡ್‌ವೇರ್ ಅಂಗಡಿ, ಒಂದಷ್ಟು ಜನ ಮೇಷ್ಟ್ರು, ಇವರೇ ಅವರ ಕ್ಲೈಂಟ್‌ಗಳು. ಬಿ.ಕಾಂ. ಮುಗಿಸಿದ ಮೇಲೆ ಒಂದೂವರೆ ವರ್ಷ ನಾನು ಅವರ ಆಫೀಸಲ್ಲೇ ಕೂತು ಜಿಎಸ್‌ಟಿ ರಿಟರ್ನ್ ಹಾಕೋದು ಕಲಿತೆ. ಅಲ್ಲಿದ್ದ ಕಂಪ್ಯೂಟರ್ ಎಷ್ಟು ನಿಧಾನ ಅಂದ್ರೆ, ಬಟನ್ ಒತ್ತಿ ಕಾಫಿ ಕುಡಿದು ಬಂದ್ರೂ ಡೆಸ್ಕ್‌ಟಾಪ್ ಬಂದಿರ್ತಿರಲಿಲ್ಲ. ಒಂದು ಭಾನುವಾರ ಕೂತು ಅದಕ್ಕೆ ಲಿನಕ್ಸ್ ಮಿಂಟ್ ಹಾಕಿದೆ. ಆ ಚೌಕಕ್ಕೆ ಟಿಕ್ ಕೂಡ ಹಾಕಿದೆ.

ಮಾವನಿಗೆ ಹೇಳಿದ್ದು ಈಗ್ಲೂ ನೆನಪಿದೆ. "ಮಾವ, ಇದರಲ್ಲಿ ಊರಿನ ಅರ್ಧ ಜನರ ಪ್ಯಾನ್, ಆಧಾರ್, ಬ್ಯಾಂಕ್ ಸ್ಟೇಟ್‌ಮೆಂಟ್ ಇದೆ. ಪಾಸ್‌ವರ್ಡ್ ನೀವೇ ಯೋಚನೆ ಮಾಡಿ ಹಾಕಿ. ನನಗೂ ಹೇಳ್ಬೇಡಿ. ಎಲ್ಲೂ ಬರೀಬೇಡಿ."

ಮಾವ ಶಿಸ್ತಿನ ಮನುಷ್ಯ. ನಾನು ಹೇಳಿದ್ದನ್ನ ಅಕ್ಷರಶಃ ಪಾಲಿಸಿದ್ರು.

ಎರಡು ವರ್ಷದ ಹಿಂದೆ, ಜುಲೈ ಎರಡನೇ ವಾರ. ರಿಟರ್ನ್ ಸೀಸನ್. ಆಫೀಸಲ್ಲಿ ಕೂತಿದ್ದ ಹಾಗೇ ಮಾವನಿಗೆ ಲಕ್ವ ಹೊಡೀತು. ಬೇಗ ಆಸ್ಪತ್ರೆ ಸೇರಿಸಿದ್ರಿಂದ ಜೀವ ಉಳೀತು. ಆದ್ರೆ ಬಲಗೈಗೆ ಶಕ್ತಿ ಹೋಯ್ತು, ಮಾತು ಹೋಯ್ತು. ನಾವು ಹೇಳಿದ್ದು ಅವರಿಗೆ ಅರ್ಥ ಆಗ್ತಿತ್ತು. ಅವರಿಗೆ ಬೇಕಾದ ಪದ ಮಾತ್ರ ಹೊರಗೆ ಬರ್ತಿರಲಿಲ್ಲ, ಬರೆದು ತೋರಿಸೋಕೂ ಆಗ್ತಿರಲಿಲ್ಲ.

ಅವರು ಕುಸಿದಾಗ ಕಂಪ್ಯೂಟರ್ ಆನ್ ಇತ್ತು. ಆಫೀಸಿನ ಹುಡುಗನಿಗೆ ಲಾಗಿನ್ ಪಾಸ್‌ವರ್ಡ್ ಗೊತ್ತಿತ್ತು. ಅದು ಆನ್ ಇದ್ದಾಗಲೇ ಒಂದು ಪೆನ್‌ಡ್ರೈವ್ ಚುಚ್ಚಿ ಫೈಲ್‌ಗಳನ್ನ ಕಾಪಿ ಮಾಡಿಕೊಂಡಿದ್ರೆ ನಾನು ಇವತ್ತು ಈ ಕಥೆ ಹೇಳ್ತಿರಲಿಲ್ಲ. ಪಾಪ, ಅವನಿಗೇನು ಗೊತ್ತು. ಗಾಬರಿಯಲ್ಲಿ ಬಾಗಿಲು ಹಾಕುವಾಗ ಅಭ್ಯಾಸದ ಹಾಗೆ ಯುಪಿಎಸ್ ಆಫ್ ಮಾಡಿ ಬೀಗ ಹಾಕಿದ.

ಮೂರನೇ ದಿನ ನಾನು ಬೆಂಗಳೂರಿಂದ ಬಂದು ಬಟನ್ ಒತ್ತಿದೆ. ಡಿಸ್ಕ್ ಪಾಸ್‌ವರ್ಡ್ ಕೊಡಿ ಅಂತ ಕೇಳೋ ಸ್ಕ್ರೀನ್ ಬಂತು. ಅತ್ತೆ ಹೆಸರು ಹೊಡೆದೆ. ಮಗಳ ಹುಟ್ಟಿದ ದಿನ ಹೊಡೆದೆ. ಸ್ಕೂಟರ್ ನಂಬರ್, ಮನೆದೇವರ ಹೆಸರು, ಎರಡನ್ನೂ ಸೇರಿಸಿ, ಹಿಂದೆ ಮುಂದೆ ಮಾಡಿ. ಪ್ರತಿ ಸಲ ಒಂದೆರಡು ಸೆಕೆಂಡ್ ಯೋಚನೆ ಮಾಡಿದ ಹಾಗೆ ಮಾಡಿ, ತಪ್ಪು ಅಂತ ಹೇಳ್ತಿತ್ತು.

ಅತ್ತೆ ಪಕ್ಕದಲ್ಲಿ ಸ್ಟೂಲ್ ಮೇಲೆ ಕೂತು ನೋಡ್ತಿದ್ರು. ಸುಮಾರು ಹೊತ್ತಾದ ಮೇಲೆ ಕೇಳಿದ್ರು: "ಕಳ್ಳರು ಬಂದ್ರೆ ತೆಗೀಬಾರ್ದು ಅಂತ ತಾನೇ ಇದನ್ನ ಹಾಕಿದ್ದು? ನಾವು ಮನೆಯವರು ಕಣೇ. ಅದಕ್ಕೆ ಅಷ್ಟೂ ಗೊತ್ತಾಗಲ್ವಾ?"

ಗೊತ್ತಾಗಲ್ಲ. ಎನ್‌ಕ್ರಿಪ್ಷನ್ ಬಗ್ಗೆ ಇದಕ್ಕಿಂತ ಒಳ್ಳೇ ಪ್ರಶ್ನೆಯನ್ನ ನಾನು ಯಾವ ವಿಡಿಯೊದಲ್ಲೂ ಕೇಳಿಲ್ಲ.

ಎರಡು ತಿಂಗಳಾದ ಮೇಲೆ ಮಾವನನ್ನೇ ಕೀಬೋರ್ಡ್ ಮುಂದೆ ಕೂರಿಸಿದ್ವಿ. ಎಡಗೈ ಬೆರಳು ಅಕ್ಷರಗಳ ಮೇಲೆ ಓಡಾಡ್ತು, ನಿಂತ್ಕೊಳ್ತು, ಮತ್ತೆ ಓಡಾಡ್ತು. ವರ್ಷಗಟ್ಟಲೆ ದಿನಾ ಬೆಳಿಗ್ಗೆ ಯೋಚನೆ ಮಾಡದೇ ಹೊಡೆದ ಪಾಸ್‌ವರ್ಡ್ ಅದು. ಅವರಿಗೆ ಅದು ಪದವಾಗಿ ನೆನಪಿರಲಿಲ್ಲ, ಬಲಗೈ ಬೆರಳಿಗೆ ನೆನಪಿತ್ತು. ಅವರ ಕಣ್ಣಲ್ಲಿ ನೀರು ಬಂತು. ಆಮೇಲೆ ಯಾವತ್ತೂ ಅವರನ್ನ ಆ ಕೆಲಸಕ್ಕೆ ಕೂರಿಸಲಿಲ್ಲ.

ಆ ಡಿಸ್ಕ್ ಇವತ್ತಿಗೂ ತೆರೆದಿಲ್ಲ. ಸಲ್ಲಿಸಿದ್ದ ರಿಟರ್ನ್‌ಗಳು ಜಿಎಸ್‌ಟಿ ಪೋರ್ಟಲ್‌ನಲ್ಲಿ ಇದ್ವು, ಡೌನ್‌ಲೋಡ್ ಮಾಡಿಕೊಂಡ್ವಿ. ಹೊಸ ಬಿಲ್‌ಗಳನ್ನ ಅಂಗಡಿ ಅಂಗಡಿ ತಿರುಗಿ ಮತ್ತೆ ತಂದ್ವಿ. ಇಬ್ಬರು ಕ್ಲೈಂಟ್ ಬೇರೆ ಕಡೆ ಹೋದ್ರು. ಕೆಲವರ ಲೇಟ್ ಫೀ ಅತ್ತೆ ಕೈಯಿಂದ ಕಟ್ಟಿದ್ರು. ಹೋಗಿದ್ದು ಹೋಯ್ತು ಅನ್ನೋಕೆ ಆಗದೇ ಇರೋದು ಒಂದೇ. ಫೋನ್ ತುಂಬಿತ್ತು ಅಂತ ಅಜ್ಜಿಯ ಕೊನೇ ವರ್ಷದ ವಿಡಿಯೊಗಳನ್ನೆಲ್ಲಾ ಮಾವ ಆ ಕಂಪ್ಯೂಟರ್‌ಗೆ ಹಾಕಿಟ್ಟಿದ್ರು.

ಲಾಗಿನ್ ಬೇರೆ, ಡಿಸ್ಕ್ ಬೇರೆ

ಈಗ ಅತ್ತೆಯ ಪ್ರಶ್ನೆಗೆ ಸರಿಯಾಗಿ ಉತ್ತರ ಹುಡುಕೋಣ. ಮೊದಲು ಒಂದು ಗೊಂದಲ ಬಿಡಿಸ್ತೀನಿ.

ಲಾಗಿನ್ ಪಾಸ್‌ವರ್ಡ್ ಬೇರೆ, ಡಿಸ್ಕ್ ಪಾಸ್‌ವರ್ಡ್ ಬೇರೆ. ಲಾಗಿನ್ ಪಾಸ್‌ವರ್ಡ್ ಒಂದೇ ಇದ್ರೆ, ಕಳ್ಳ ನಿಮ್ಮ ಲ್ಯಾಪ್‌ಟಾಪ್ ಬಿಚ್ಚಿ, ಡಿಸ್ಕ್ ತೆಗೆದು, ಇನ್ನೊಂದು ಕಂಪ್ಯೂಟರ್‌ಗೆ ಸಿಕ್ಕಿಸಿದ್ರೆ ಸಾಕು, ಎಲ್ಲಾ ಫೈಲ್ ಕಾಣುತ್ತೆ. ಪಾಸ್‌ವರ್ಡ್ ಕೇಳೋ ಕಾವಲುಗಾರ ಹಳೇ ಮನೆಯಲ್ಲೇ ಉಳಿದುಬಿಟ್ಟಿರ್ತಾನೆ. ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ರೆ ಹಾಗಲ್ಲ. ಡಿಸ್ಕ್ ಮೇಲಿರೋ ಅಕ್ಷರಗಳೇ ಕಲಸಿಹೋಗಿರುತ್ತೆ. ಅದನ್ನ ಯಾವ ಕಂಪ್ಯೂಟರ್‌ಗೆ ಹಾಕಿದ್ರೂ ಬರೀ ಕಸ ಕಾಣುತ್ತೆ.

ಇದರ ಇನ್ನೊಂದು ಮುಖ: ಲಾಗಿನ್ ಪಾಸ್‌ವರ್ಡ್ ಮರೆತ್ರೆ ಸರಿ ಮಾಡೋ ದಾರಿ ಇದೆ. ಡಿಸ್ಕ್ ಪಾಸ್‌ವರ್ಡ್ ಮರೆತ್ರೆ ದಾರಿ ಇಲ್ಲ. 'ಫರ್ಗಾಟ್ ಪಾಸ್‌ವರ್ಡ್' ಬಟನ್ ಇಲ್ಲ, ಒಟಿಪಿ ಇಲ್ಲ, ಕಸ್ಟಮರ್ ಕೇರ್ ಇಲ್ಲ.

ನೀವು ಈಗ ಕೇಳ್ತಿರೋ ಫೋನ್, ಇತ್ತೀಚಿನದಾದ್ರೆ, ಒಳಗೆ ಈಗಾಗಲೇ ಎನ್‌ಕ್ರಿಪ್ಟ್ ಆಗಿರುತ್ತೆ. ನಿಮ್ಮ ಸ್ಕ್ರೀನ್ ಲಾಕ್ ಅದರ ಜೊತೆ ಸೇರಿಕೊಂಡಿರುತ್ತೆ. ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಅದನ್ನ ನಾವೇ ಆರಿಸಿಕೊಳ್ಳಬೇಕು, ನಾವೇ ನೋಡಿಕೊಳ್ಳಬೇಕು.

ಗೋಡೌನ್ ಮತ್ತು ಪುಟ್ಟ ಡಬ್ಬಿಗಳು

ಲಿನಕ್ಸ್‌ನಲ್ಲಿ ಈ ಕೆಲಸ ಮಾಡೋ ಪದ್ಧತಿಯ ಹೆಸರು ಲಕ್ಸ್. ಲಿನಕ್ಸ್ ಯೂನಿಫೈಡ್ ಕೀ ಸೆಟಪ್ ಅನ್ನೋದರ ಚಿಕ್ಕ ರೂಪ. 2004ರಲ್ಲಿ ಕ್ಲೆಮೆನ್ಸ್ ಫ್ರುವಿರ್ಟ್ ಅನ್ನೋರು ರೂಪಿಸಿದ್ದು. ಅದನ್ನ ನಡೆಸೋ ಪ್ರೋಗ್ರಾಮ್ ಹೆಸರು ಕ್ರಿಪ್ಟ್‌ಸೆಟಪ್.

ತಿಪಟೂರಿನ ಒಂದು ಕೊಬ್ಬರಿ ಗೋಡೌನ್ ನೆನೆಸಿಕೊಳ್ಳಿ. ದೊಡ್ಡ ಬಾಗಿಲು, ಅದಕ್ಕೊಂದೇ ಬೀಗ. ಆ ಬೀಗದ ಕೈ ಯಾರ ಜೇಬಲ್ಲೂ ಇರಲ್ಲ. ಬಾಗಿಲ ಪಕ್ಕದ ಗೋಡೆಗೆ ಸಾಲಾಗಿ ಪುಟ್ಟ ಪುಟ್ಟ ಡಬ್ಬಿ ಹೊಡೆದಿದ್ದಾರೆ. ಪ್ರತಿ ಡಬ್ಬಿಗೂ ಬೇರೆ ಬೇರೆ ನಂಬರ್ ಲಾಕ್. ಪ್ರತಿ ಡಬ್ಬಿ ಒಳಗೂ ಅದೇ ಗೋಡೌನ್ ಬೀಗದ ಕೈಯ ಒಂದೊಂದು ನಕಲು. ಯಜಮಾನರಿಗೆ ಒಂದು ಡಬ್ಬಿಯ ನಂಬರ್ ಗೊತ್ತು, ಮಗಳಿಗೆ ಇನ್ನೊಂದರ ನಂಬರ್ ಗೊತ್ತು. ಯಾರು ಯಾವ ಡಬ್ಬಿ ತೆಗೆದ್ರೂ ತೆರೆಯೋದು ಅದೇ ಬಾಗಿಲು.

ಲಕ್ಸ್ ಹೀಗೇ ಕೆಲಸ ಮಾಡುತ್ತೆ. ನಿಮ್ಮ ಫೈಲ್‌ಗಳಿಗೆ ಬೀಗ ಹಾಕೋ ನಿಜವಾದ ಕೀಯನ್ನ ಕಂಪ್ಯೂಟರೇ ತಯಾರು ಮಾಡಿಕೊಳ್ಳುತ್ತೆ. ಅದು ಉದ್ದದ, ಅರ್ಥವಿಲ್ಲದ ಸಂಖ್ಯೆ, ಅದನ್ನ ನೀವು ಯಾವತ್ತೂ ನೋಡಲ್ಲ. ನೀವು ಹೊಡೆಯೋ ಪಾಸ್‌ವರ್ಡ್ ಆ ಕೀ ಇರೋ ಡಬ್ಬಿಯನ್ನ ತೆಗೆಯುತ್ತೆ ಅಷ್ಟೆ. ಡಬ್ಬಿಗೆ ಕೀ ಸ್ಲಾಟ್ ಅಂತಾರೆ. ಹಳೇ ಲಕ್ಸ್1ರಲ್ಲಿ ಇಂಥ 8 ಸ್ಲಾಟ್ ಇದ್ವು. ಈಗಿನ ಲಕ್ಸ್2ರಲ್ಲಿ 32ರವರೆಗೂ ಇಟ್ಕೋಬಹುದು.

ಮಾವನ ಕಂಪ್ಯೂಟರ್‌ನಲ್ಲಿ ಇಷ್ಟೆಲ್ಲಾ ಜಾಗ ಖಾಲಿ ಇತ್ತು. ನಾನು ಬಳಸಿದ್ದು ಒಂದೇ ಒಂದು.

ಇನ್ನೊಂದು ಲಾಭ ಗಮನಿಸಿ. ಪಾಸ್‌ವರ್ಡ್ ಬದಲಾಯಿಸಿದ್ರೆ ಇಡೀ ಡಿಸ್ಕ್ ಮತ್ತೆ ಎನ್‌ಕ್ರಿಪ್ಟ್ ಆಗಬೇಕಾಗಿಲ್ಲ. ಡಬ್ಬಿಯ ನಂಬರ್ ಬದಲಾಯ್ತು, ಗೋಡೌನ್ ಒಳಗಿನ ಮೂಟೆಗಳನ್ನ ಯಾರೂ ಮುಟ್ಟಲಿಲ್ಲ. ಹಾಗಾಗಿ ಅದು ಕೆಲವೇ ಸೆಕೆಂಡಿನ ಕೆಲಸ.

ಪ್ರತಿ ತಪ್ಪು ಪಾಸ್‌ವರ್ಡ್‌ಗೆ ಒಂದೆರಡು ಸೆಕೆಂಡ್ ಯಾಕೆ ತಗೊಳ್ತಿತ್ತು? ಅದೂ ಬೇಕಂತಲೇ ಮಾಡಿರೋದು. ಲಕ್ಸ್2 ಸಾಮಾನ್ಯವಾಗಿ ಆರ್ಗನ್2 ಅನ್ನೋ ವಿಧಾನ ಬಳಸುತ್ತೆ. 2015ರಲ್ಲಿ ಮುಗಿದ ಪಾಸ್‌ವರ್ಡ್ ಹ್ಯಾಶಿಂಗ್ ಸ್ಪರ್ಧೆಯಲ್ಲಿ ಗೆದ್ದದ್ದು ಅದು. ಪ್ರತಿ ಪ್ರಯತ್ನಕ್ಕೂ ತುಂಬಾ ಮೆಮೊರಿ, ಒಂದಷ್ಟು ಸಮಯ ಖರ್ಚಾಗೋ ಹಾಗೆ ಅದನ್ನ ಕಟ್ಟಿದ್ದಾರೆ. ನಿಮಗೆ ದಿನಕ್ಕೆ ಎರಡು ಸೆಕೆಂಡ್ ಏನೂ ಅಲ್ಲ. ಕೋಟಿಗಟ್ಟಲೆ ಪಾಸ್‌ವರ್ಡ್ ಪ್ರಯತ್ನ ಮಾಡ್ಬೇಕು ಅನ್ನೋನಿಗೆ ಅದು ಬೆಟ್ಟ. ನಾನು ಆ ಸ್ಟೂಲ್ ಪಕ್ಕ ಕೂತು ಆ ಬೆಟ್ಟವನ್ನೇ ಹತ್ತೋಕೆ ನೋಡ್ತಿದ್ದೆ.

ಐದರ್ ಆರ್ ಸರ್ವೈವರ್

ಕಾಮರ್ಸ್ ಓದಿದವಳಿಗೆ ಇದು ಮೊದಲೇ ಹೊಳೀಬೇಕಿತ್ತು. ಬ್ಯಾಂಕಲ್ಲಿ ಜಂಟಿ ಖಾತೆ ತೆಗೆಯುವಾಗ ಏನು ಬರೀತೀವಿ? 'ಐದರ್ ಆರ್ ಸರ್ವೈವರ್'. ಇಬ್ಬರಲ್ಲಿ ಯಾರು ಬೇಕಾದ್ರೂ ನಡೆಸಬಹುದು, ಒಬ್ಬರು ಇಲ್ಲದಿದ್ರೆ ಇನ್ನೊಬ್ಬರು. ಎಫ್‌ಡಿಗೆ ನಾಮಿನಿ ಹಾಕ್ತೀವಿ, ಪಿಎಫ್‌ಗೆ ಹಾಕ್ತೀವಿ, ಎಲ್‌ಐಸಿಗೆ ಹಾಕ್ತೀವಿ. ನಾಮಿನಿ ಇಲ್ಲದೇ ಇದ್ರೂ ಕೋರ್ಟಿಗೆ ಓಡಾಡಿ, ವಾರಸುದಾರರು ಅಂತ ಕಾಗದ ತಂದ್ರೆ ಮ್ಯಾನೇಜರ್ ದುಡ್ಡು ಕೊಡ್ತಾರೆ.

ಲಕ್ಸ್‌ನಲ್ಲಿ ಮ್ಯಾನೇಜರ್ ಇಲ್ಲ. ಮರಣ ಪ್ರಮಾಣಪತ್ರ ತೋರಿಸೋಕೆ ಕೌಂಟರ್ ಇಲ್ಲ. ಕಳ್ಳ ಬರಲಿ, ಹೆಂಡತಿ ಬರಲಿ, ಅದರ ಮುಂದೆ ಇಬ್ಬರೂ ಒಂದೇ: ನಂಬರ್ ಗೊತ್ತಿದ್ದವರು, ಗೊತ್ತಿಲ್ಲದವರು. ಹಾಗಾಗಿ ನಾಮಿನಿಯನ್ನ ನೀವು ಚೆನ್ನಾಗಿದ್ದಾಗಲೇ, ನಿಮ್ಮ ಕೈಯಾರೆ ಹಾಕಬೇಕು. ಎರಡನೇ ಸ್ಲಾಟ್ ಅಂದ್ರೆ ಅದೇ.

ಒಂದು ಎಚ್ಚರಿಕೆ. ಬ್ಯಾಂಕ್ ಸ್ಟ್ರಾಂಗ್‌ರೂಮಿಗೆ ಇಬ್ಬರ ಹತ್ರ ಎರಡು ಕೀ ಇರುತ್ತಲ್ಲ, ಎರಡೂ ಸೇರಿದ್ರೆ ಮಾತ್ರ ತೆರೆಯೋದು, ಲಕ್ಸ್ ಸ್ಲಾಟ್‌ಗಳು ಹಾಗಲ್ಲ. ಇಲ್ಲಿ ಯಾವುದಾದ್ರೂ ಒಂದು ಸಾಕು. ಅಂದ್ರೆ ನೀವು ಕೊಡೋ ಎರಡನೇ ಪಾಸ್‌ವರ್ಡ್ ದುರ್ಬಲ ಆಗಿದ್ರೆ ಇಡೀ ಗೋಡೌನ್ ಅಷ್ಟೇ ದುರ್ಬಲ.

ಮಾಡೋದು ಹೇಗೆ

ಈ ಭಾಗ ಕೇಳ್ತಾ ಕೇಳ್ತಾ ಟೈಪ್ ಮಾಡಬೇಡಿ. ಮೊದಲು ಪೂರ್ತಿ ಕೇಳಿ. ಆಮೇಲೆ ನಿಮ್ಮ ಮುಖ್ಯ ಫೈಲ್‌ಗಳನ್ನ ಬೇರೆ ಡ್ರೈವ್‌ಗೆ ಬ್ಯಾಕಪ್ ತಗೊಂಡು, ಕಂಪ್ಯೂಟರ್ ಮುಂದೆ ಕೂತ್ಕೊಳ್ಳಿ. ಆಜ್ಞೆಗಳ ಸರಿಯಾದ ಸ್ಪೆಲ್ಲಿಂಗ್ ಬೇಕಿದ್ರೆ ಟರ್ಮಿನಲ್‌ನಲ್ಲಿ 'ಮ್ಯಾನ್ ಕ್ರಿಪ್ಟ್‌ಸೆಟಪ್' ಅಂತ ಹೊಡೀರಿ, ಪೂರ್ತಿ ಕೈಪಿಡಿ ನಿಮ್ಮ ಕಂಪ್ಯೂಟರ್ ಒಳಗೇ ಇದೆ.

ಮೊದಲನೆಯದು, ಯಾವ ಪಾರ್ಟಿಷನ್ ಎನ್‌ಕ್ರಿಪ್ಟ್ ಆಗಿದೆ ಅಂತ ಗುರುತಿಸೋದು. 'ಎಲ್‌ಎಸ್‌ಬಿಎಲ್‌ಕೆ' ಆಜ್ಞೆಗೆ 'ಹೈಫನ್ ಎಫ್' ಸೇರಿಸಿ ಕೊಟ್ರೆ ಪಟ್ಟಿ ಬರುತ್ತೆ. ಅದರಲ್ಲಿ 'ಕ್ರಿಪ್ಟೊ ಲಕ್ಸ್' ಅಂತ ಇರೋ ಸಾಲೇ ನಿಮ್ಮದು. ಅದರ ಹೆಸರನ್ನ ಕಾಗದದ ಮೇಲೆ ಬರೆದುಕೊಳ್ಳಿ.

ಎರಡನೆಯದು, 'ಲಕ್ಸ್ ಡಂಪ್'. ಯಾವ ಯಾವ ಸ್ಲಾಟ್ ತುಂಬಿದೆ ಅಂತ ಅದು ತೋರಿಸುತ್ತೆ. ಪಾಸ್‌ವರ್ಡ್ ಏನು ಅಂತ ತೋರಿಸಲ್ಲ, ತೋರಿಸೋಕೂ ಆಗಲ್ಲ. ಮೊದಲ ಸಲ ನೋಡಿದ್ರೆ ಹೆಚ್ಚಿನವರಿಗೆ ಸೊನ್ನೆ ಅನ್ನೋ ಒಂದೇ ಸ್ಲಾಟ್ ಕಾಣುತ್ತೆ.

ಮೂರನೆಯದು, 'ಲಕ್ಸ್ ಆಡ್ ಕೀ'. ಇದು ಮೊದಲು ಈಗಿರೋ ಪಾಸ್‌ವರ್ಡ್ ಕೇಳುತ್ತೆ, ಆಮೇಲೆ ಹೊಸದನ್ನ ಎರಡು ಸಲ ಕೇಳುತ್ತೆ. ಹೊಡೆಯುವಾಗ ಸ್ಕ್ರೀನ್ ಮೇಲೆ ಏನೂ ಕಾಣಲ್ಲ, ಚುಕ್ಕಿ ಕೂಡ ಬರಲ್ಲ. ಕೀಬೋರ್ಡ್ ಕೆಟ್ಟಿದೆ ಅಂತ ಗಾಬರಿ ಆಗಬೇಡಿ.

ನಾಲ್ಕನೆಯದು, ಪರೀಕ್ಷೆ. ಎಲ್ಲರೂ ಬಿಟ್ಟುಬಿಡೋದು ಇದನ್ನೇ. 'ಕ್ರಿಪ್ಟ್‌ಸೆಟಪ್ ಓಪನ್' ಆಜ್ಞೆಗೆ 'ಟೆಸ್ಟ್ ಪಾಸ್‌ಫ್ರೇಸ್' ಅನ್ನೋ ಆಯ್ಕೆ ಕೊಟ್ರೆ, ಡಿಸ್ಕನ್ನ ಏನೂ ಮಾಡದೇ ಪಾಸ್‌ವರ್ಡ್ ಸರಿ ಇದೆಯಾ ಅಂತ ಮಾತ್ರ ನೋಡುತ್ತೆ. ಜೊತೆಗೆ 'ಹೈಫನ್ ವಿ' ಹಾಕಿದ್ರೆ ಎಷ್ಟನೇ ಸ್ಲಾಟ್ ತೆರೀತು ಅಂತಾನೂ ಹೇಳುತ್ತೆ. ಆಮೇಲೆ ಒಂದು ಸಲ ನಿಜವಾಗಿ ರೀಸ್ಟಾರ್ಟ್ ಮಾಡಿ, ಹೊಸ ಪಾಸ್‌ವರ್ಡ್‌ನಿಂದಲೇ ಒಳಗೆ ಬನ್ನಿ.

ಪಾಸ್‌ವರ್ಡ್ ಬದಲಾಯಿಸಬೇಕು ಅನ್ನೋರಿಗೂ ಇದೇ ಕ್ರಮ ಒಳ್ಳೇದು. ಹೊಸದನ್ನ ಸೇರಿಸಿ, ಪರೀಕ್ಷೆ ಮಾಡಿ, ಕೊನೆಗೆ 'ಲಕ್ಸ್ ರಿಮೂವ್ ಕೀ'ಯಿಂದ ಹಳೇದನ್ನ ತೆಗೀರಿ. ಮೊದಲೇ ಹಳೇದನ್ನ ತೆಗೆಯೋಕೆ ಹೋಗ್ಬೇಡಿ. ಕೊನೇ ಸ್ಲಾಟ್ ತೆಗೆಯೋಕೆ ಹೋದ್ರೆ ಕ್ರಿಪ್ಟ್‌ಸೆಟಪ್ ಎಚ್ಚರಿಕೆ ಕೊಡುತ್ತೆ, ಆದ್ರೆ ನೀವು ಹೂಂ ಅಂದ್ರೆ ಅದೂ ಹೂಂ ಅನ್ನುತ್ತೆ. ಟರ್ಮಿನಲ್ ಅಂದ್ರೆ ಭಯ ಅನ್ನೋರಿಗೆ ಮಿಂಟ್, ಉಬುಂಟುಗಳಲ್ಲಿ 'ಡಿಸ್ಕ್ಸ್' ಅನ್ನೋ ಆ್ಯಪ್ ಇದೆ. ಅದರಲ್ಲಿ ಪಾಸ್‌ವರ್ಡ್ ಬದಲಾಯಿಸೋ ಆಯ್ಕೆ ಸಿಗುತ್ತೆ. ಎರಡನೇದನ್ನ ಸೇರಿಸೋಕೆ ಮಾತ್ರ ಟರ್ಮಿನಲ್ಲೇ ಸರಿ.

ಮುಟ್ಟಲೇಬಾರದ ಆಜ್ಞೆ ಒಂದಿದೆ: 'ಲಕ್ಸ್ ಫಾರ್ಮ್ಯಾಟ್'. ಅದು ಹೊಸ ಡಿಸ್ಕ್‌ಗೆ ಮಾತ್ರ. ಹಳೇ ಡಬ್ಬಿಗಳನ್ನೆಲ್ಲಾ ಕಿತ್ತು ಹೊಸ ಡಬ್ಬಿ ಹೊಡೆಯುತ್ತೆ. ದೊಡ್ಡ ಅಕ್ಷರದಲ್ಲಿ 'ಎಸ್' ಅಂತ ಹೊಡೀರಿ ಅಂತ ಕಂಪ್ಯೂಟರ್ ಕೇಳಿದ್ರೆ, ಕೈ ತೆಗೆದು ಇನ್ನೊಂದು ಸಲ ಓದಿ.

ಎಂಥ ಪಾಸ್‌ವರ್ಡ್?

ಮನೆಯವರ ಹೆಸರು, ಹುಟ್ಟಿದ ದಿನ, ಹಾಡಿನ ಸಾಲು ಬೇಡ. ನಾನು ಹೇಳೋದು ದಾಳ ಎಸೆಯೋ ವಿಧಾನ. ಡೈಸ್‌ವೇರ್ ಅಂತಾರೆ, 1995ರಿಂದ ಇದೆ. 7,776 ಸುಲಭ ಇಂಗ್ಲಿಷ್ ಪದಗಳ ಒಂದು ಪಟ್ಟಿ ಇರುತ್ತೆ, ಪ್ರತಿ ಪದಕ್ಕೂ ಐದಂಕಿಯ ನಂಬರ್. ಹಾವು ಏಣಿ ಆಟದ ದಾಳವನ್ನ ಐದು ಸಲ ಎಸೆದು, ಬಂದ ಅಂಕಿ ಸೇರಿಸಿದ್ರೆ ಒಂದು ಪದ. ಹೀಗೆ ಆರು ಪದ. ಒಟ್ಟು ಸಾಧ್ಯತೆಗಳು ಎಷ್ಟು ಅಂದ್ರೆ 2ರ ಮುಂದೆ ಸುಮಾರು 23 ಸೊನ್ನೆ. ನಮ್ಮ ತಲೆಯಿಂದ ಆರಿಸಿದ ಪದ ನಮಗೆ ಹತ್ತಿರದ್ದೇ ಆಗಿರುತ್ತೆ, ಹಾಗಾಗಿ ಊಹಿಸಬಹುದು. ದಾಳಕ್ಕೆ ನೆಂಟರಿಲ್ಲ.

ಆ ಆರು ಪದಕ್ಕೆ ಒಂದು ತಲೆಕೆಟ್ಟ ಕಥೆ ಕಟ್ಟಿ. ಎರಡು ದಿನದಲ್ಲಿ ಬಾಯಿಪಾಠ ಆಗುತ್ತೆ.

ಕನ್ನಡದವರಿಗೆ ಒಂದು ಮಾತು. ಕನ್ನಡ ಅಕ್ಷರದಲ್ಲಿ ಪಾಸ್‌ವರ್ಡ್ ಇಡಬೇಡಿ. ಕಂಪ್ಯೂಟರ್ ಆನ್ ಆದ ತಕ್ಷಣ ಡಿಸ್ಕ್ ಪಾಸ್‌ವರ್ಡ್ ಕೇಳುವಾಗ ನಿಮ್ಮ ಕನ್ನಡ ಕೀಬೋರ್ಡ್ ಇನ್ನೂ ಎದ್ದಿರಲ್ಲ. ಕನ್ನಡ ಪದವನ್ನ ಇಂಗ್ಲಿಷ್ ಅಕ್ಷರದಲ್ಲಿ ಬರೆದ್ರೂ ಕಷ್ಟ ಇದೆ. ಕೊಬ್ಬರಿಯನ್ನ ನೀವೊಂದು ಥರ ಬರೀತೀರಿ, ನಿಮ್ಮ ಅತ್ತೆ ಇನ್ನೊಂದು ಥರ ಬರೀತಾರೆ. ಇಂಗ್ಲಿಷಿನ ಚಿಕ್ಕ ಅಕ್ಷರ, ಮಧ್ಯೆ ಸ್ಪೇಸ್, ಅಷ್ಟೇ ಇರಲಿ. ಚಿಹ್ನೆಗಳು ಕೀಬೋರ್ಡ್ ಲೇಔಟ್ ಬದಲಾದ್ರೆ ಜಾಗ ಬದಲಿಸಿಬಿಡುತ್ತೆ.

ಕಾಗದ ಎಲ್ಲಿಡೋದು?

"ಎಲ್ಲೂ ಬರೀಬೇಡಿ" ಅಂತ ಮಾವನಿಗೆ ಹೇಳಿದ್ದೆನಲ್ಲ, ಆ ಮಾತನ್ನ ಈಗ ವಾಪಸ್ ತಗೊಳ್ತಿದ್ದೀನಿ. ಬರೀರಿ. ಆದ್ರೆ ಯಾರಿಂದ ಕಾಪಾಡಬೇಕು ಅಂತ ಯೋಚನೆ ಮಾಡಿ ಬರೀರಿ. ಬಸ್‌ಸ್ಟ್ಯಾಂಡಲ್ಲಿ ಲ್ಯಾಪ್‌ಟಾಪ್ ಎತ್ತಿಕೊಂಡು ಹೋಗೋನು ನಿಮ್ಮ ಮನೆ ಬೀರು ಒಳಗೆ, ಸೀರೆ ಕೆಳಗಿರೋ ಲಕೋಟೆ ಹುಡುಕ್ಕೊಂಡು ಬರಲ್ಲ. ಕಾಗದ ಲ್ಯಾಪ್‌ಟಾಪ್ ಬ್ಯಾಗಲ್ಲಿರಬಾರದು, ಕೀಬೋರ್ಡ್ ಕೆಳಗೆ ಅಂಟಿಸಿರಬಾರದು, ಫೋಟೊ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿರಬಾರದು. ಬೇರೆ ಊರು, ಬೇರೆ ಮನೆ, ಬ್ಯಾಂಕ್ ಲಾಕರ್, ಇವೆಲ್ಲಾ ಒಳ್ಳೇ ಜಾಗ. ಮನೆಯೊಳಗೇ ನಂಬಿಕೆ ಇಲ್ಲದ ಪರಿಸ್ಥಿತಿ ಕೆಲವರಿಗೆ ಇರುತ್ತೆ, ಅಂಥವರು ನಂಬೋ ಸ್ನೇಹಿತರ ಹತ್ರ ಇಡಿ. ನಾಮಿನಿ ಯಾರು ಅನ್ನೋದು ನಿಮ್ಮ ಆಯ್ಕೆ.

ಪಾಸ್‌ವರ್ಡ್ ಮ್ಯಾನೇಜರ್ ಬಳಸೋರು ಒಂದು ತಪ್ಪು ಮಾಡ್ತಾರೆ. ಡಿಸ್ಕ್ ಪಾಸ್‌ವರ್ಡನ್ನ ಅದೇ ಡಿಸ್ಕ್ ಮೇಲಿರೋ ಮ್ಯಾನೇಜರ್‌ನಲ್ಲಿ ಮಾತ್ರ ಇಟ್ಟಿರ್ತಾರೆ. ಬೀಗದ ಕೈಯನ್ನ ಗೋಡೌನ್ ಒಳಗಿಟ್ಟು ಬಾಗಿಲು ಹಾಕಿದ ಹಾಗೆ.

ಹೆಡರ್ ಅನ್ನೋ ಗೋಡೆ

ಡಬ್ಬಿಗಳು ಗೋಡೆ ಮೇಲಿವೆ ಅಂದೆ. ಆ ಗೋಡೆ ಬಿದ್ರೆ? ಡಿಸ್ಕ್‌ನ ಶುರುವಿನಲ್ಲಿ ಒಂದು ಚಿಕ್ಕ ಜಾಗ ಇದೆ, ಅದಕ್ಕೆ ಹೆಡರ್ ಅಂತಾರೆ. ಲಕ್ಸ್2ರಲ್ಲಿ ಸಾಮಾನ್ಯವಾಗಿ 16 ಎಂಬಿ. ಎಲ್ಲಾ ಸ್ಲಾಟ್ ಇರೋದು ಅಲ್ಲೇ. ಆ 16 ಎಂಬಿ ಹಾಳಾದ್ರೆ ಪಾಸ್‌ವರ್ಡ್ ಸರಿಯಾಗಿ ಗೊತ್ತಿದ್ರೂ ಪ್ರಯೋಜನ ಇಲ್ಲ, ತೆಗೆಯೋಕೆ ಡಬ್ಬಿಯೇ ಇರಲ್ಲ. 'ಲಕ್ಸ್ ಹೆಡರ್ ಬ್ಯಾಕಪ್' ಅನ್ನೋ ಆಜ್ಞೆ ಅದರ ನಕಲು ತೆಗೆದು ಒಂದು ಫೈಲ್ ಮಾಡಿಕೊಡುತ್ತೆ. ಅದನ್ನ ಪೆನ್‌ಡ್ರೈವ್‌ನಲ್ಲಿ, ಕಂಪ್ಯೂಟರ್‌ನಿಂದ ದೂರ ಇಡಿ.

ಇದರಲ್ಲೊಂದು ಸೂಕ್ಷ್ಮ ಇದೆ. ಹೆಡರ್‌ನ ಹಳೇ ನಕಲು ಹಳೇ ಪಾಸ್‌ವರ್ಡ್‌ನಿಂದಲೇ ತೆರೆಯುತ್ತೆ. ಆಫೀಸ್ ಬಿಟ್ಟು ಹೋದವರ ಪಾಸ್‌ವರ್ಡನ್ನ ಸ್ಲಾಟ್‌ನಿಂದ ತೆಗೆದ್ರಿ ಅಂದುಕೊಳ್ಳಿ. ಅವರ ಹತ್ರ ಹಳೇ ಹೆಡರ್ ನಕಲು ಇದ್ದು, ಡಿಸ್ಕೂ ಕೈಗೆ ಸಿಕ್ಕಿದ್ರೆ ಈಗ್ಲೂ ತೆಗೀಬಹುದು. ಹಾಗಾಗಿ ಪಾಸ್‌ವರ್ಡ್ ಬದಲಾಯಿಸಿದಾಗಲೆಲ್ಲಾ ಹೊಸ ನಕಲು ತೆಗೆದು ಹಳೇದನ್ನ ಅಳಿಸಿ. ನಿಜವಾಗಿ ಅನುಮಾನ ಇದ್ರೆ 'ರೀ-ಎನ್‌ಕ್ರಿಪ್ಟ್' ಮಾಡಿ. ಅದು ಗೋಡೌನ್ ಬೀಗವನ್ನೇ ಬದಲಾಯಿಸುತ್ತೆ. ಅದಕ್ಕೆ ಗಂಟೆಗಟ್ಟಲೆ ಹಿಡೀಬಹುದು, ಮೊದಲು ಪೂರ್ತಿ ಬ್ಯಾಕಪ್ ಬೇಕು.

ನೀವು ಕಳಿಸಿದ ಪ್ರಶ್ನೆಗಳು

ಒಬ್ಬರು ಕೇಳಿದ್ದಾರೆ: ಎನ್‌ಕ್ರಿಪ್ಟ್ ಮಾಡಿದ್ರೆ ಬ್ಯಾಕಪ್ ಬೇಡ್ವಾ? ಬೇಕು. ಡಿಸ್ಕ್ ಸುಟ್ಟುಹೋದ್ರೆ ಹತ್ತು ಪಾಸ್‌ವರ್ಡ್ ಇದ್ರೂ ಏನೂ ಬರಲ್ಲ. ಬ್ಯಾಕಪ್ ಡ್ರೈವ್‌ಗೂ ಲಕ್ಸ್ ಹಾಕಿ, ಅದಕ್ಕೂ ಎರಡನೇ ಸ್ಲಾಟ್ ಇಡಿ.

ಇನ್ನೊಬ್ಬರು: ಲ್ಯಾಪ್‌ಟಾಪ್ ಮುಚ್ಚಿ ಬ್ಯಾಗಿಗೆ ಹಾಕ್ತೀನಿ, ಸಾಕಾ? ಸಾಲದು. ಬರೀ ಮುಚ್ಚಿದ್ರೆ ಅದು ಸಾಮಾನ್ಯವಾಗಿ ನಿದ್ದೆ ಮಾಡ್ತಿರುತ್ತೆ, ಕೀ ಇನ್ನೂ ಮೆಮೊರಿಯಲ್ಲೇ ಇರುತ್ತೆ. ಪ್ರಯಾಣ ಮಾಡುವಾಗ ಪೂರ್ತಿ ಶಟ್‌ಡೌನ್ ಮಾಡಿ.

ಮೂರನೆಯವರು: ಈಗಾಗಲೇ ಪಾಸ್‌ವರ್ಡ್ ಮರೆತಿದ್ದೀನಿ, ಆದ್ರೆ ಕಂಪ್ಯೂಟರ್ ಆನ್ ಇದೆ. ದಯವಿಟ್ಟು ಆಫ್ ಮಾಡಬೇಡಿ. ಚಾರ್ಜರ್ ಹಾಕಿ, ಈಗಲೇ ಎಲ್ಲಾ ಫೈಲ್ ಬೇರೆ ಡ್ರೈವ್‌ಗೆ ಕಾಪಿ ಮಾಡಿ. ಈ ಸಂಚಿಕೆ ಆಮೇಲೆ ಕೇಳಿ.

ಈಗಿನ ಸ್ಥಿತಿ

ಮಾವ ಈಗ ನಿಧಾನಕ್ಕೆ ಮಾತಾಡ್ತಾರೆ, ಆಫೀಸಿಗೂ ಬರ್ತಾರೆ. ಕಂಪ್ಯೂಟರ್‌ಗೆ ಹೊಸ ಡಿಸ್ಕ್ ಹಾಕಿ, ಮತ್ತೆ ಲಿನಕ್ಸ್ ಹಾಕಿ, ಮತ್ತೆ ಎನ್‌ಕ್ರಿಪ್ಟ್ ಮಾಡಿದ್ವಿ. ಬೇಡ ಅಂತ ಅತ್ತೆ ಜಗಳ ಆಡಿದ್ರು. ಜನರ ಕಾಗದ ಇದೆ, ಬೇಕು ಅಂತ ಹಠ ಹಿಡಿದಿದ್ದು ಮಾವನೇ. ಈ ಸಲ ಮೂರು ಸ್ಲಾಟ್. ಒಂದು ಮಾವನದ್ದು, ಎಡಗೈಯಲ್ಲಿ ಹೊಡೆಯೋಕೆ ಅಭ್ಯಾಸ ಮಾಡಿಕೊಂಡಿದ್ದಾರೆ. ಒಂದು ಮಗಳದ್ದು. ಮೂರನೆಯದು ಲಕೋಟೆಯಲ್ಲಿದೆ, ಬ್ಯಾಂಕ್ ಲಾಕರ್‌ನಲ್ಲಿ, ಅತ್ತೆಯ ಒಡವೆ ಜೊತೆ.

ಲೆಕ್ಕದ ವರ್ಷ ಮುಗಿದು ಏಪ್ರಿಲ್ ಬಂದಾಗ ಲಕೋಟೆ ಪರೀಕ್ಷೆ ಮಾಡೋದು ಅಂತ ಇಟ್ಕೊಂಡಿದ್ದೀವಿ. ಈ ವರ್ಷ ಏಪ್ರಿಲ್‌ನಲ್ಲಿ ಅತ್ತೆಯೇ ಕನ್ನಡಕ ಹಾಕ್ಕೊಂಡು, ಕಾಗದ ನೋಡ್ಕೊಂಡು, ಒಂದು ಬೆರಳಲ್ಲಿ ಆರು ಪದ ಹೊಡೆದ್ರು. ಎರಡು ಸೆಕೆಂಡ್ ಆಯ್ತು. ಡೆಸ್ಕ್‌ಟಾಪ್ ಬಂತು.

"ಇಷ್ಟೇನಾ?" ಅಂದ್ರು.

ಇಷ್ಟೇ ಅತ್ತೆ, ಅಂದೆ. ಅವರು ಹಳೇ ಡಿಸ್ಕ್ ಇಟ್ಟಿರೋ ಬೀರು ಕಡೆ ಒಂದು ಸಲ ನೋಡಿದ್ರು, ಏನೂ ಹೇಳಲಿಲ್ಲ.

ಈ ವಾರದ ಕೆಲಸ ಮೂರೇ ಮೂರು. ಎರಡನೇ ಪಾಸ್‌ವರ್ಡ್ ಸೇರಿಸಿ, ಪರೀಕ್ಷೆ ಮಾಡಿ. ಅದನ್ನ ಕಾಗದದಲ್ಲಿ ಬರೆದು, ನಂಬಿಕಸ್ಥರಿಗೆ ಎಲ್ಲಿದೆ ಅಂತ ಹೇಳಿ. ಹೆಡರ್ ನಕಲು ಪೆನ್‌ಡ್ರೈವ್‌ಗೆ ಹಾಕಿ. ಅರ್ಧ ಗಂಟೆ ಸಾಕು. ಎಲ್ಲಾದ್ರೂ ಸಿಕ್ಕಿಕೊಂಡ್ರೆ ನನಗೆ ಬರೀರಿ, ಪಾಸ್‌ವರ್ಡ್ ಮಾತ್ರ ಬರೀಬೇಡಿ. ಮುಂದಿನ ಸಂಚಿಕೆಯಲ್ಲಿ ಬ್ಯಾಕಪ್ ಬಗ್ಗೆನೇ ಪೂರ್ತಿ ಮಾತಾಡೋಣ. ಅಲ್ಲಿವರೆಗೂ, ನಮಸ್ಕಾರ.